ಊರ ಹೆಸರು ಬರೆಯುವ ಕೈಗಳಿಗೆ

ಗ್ರಾಮ ಆಡಳಿತ ಅಧಿಕಾರಿಗಳಾಗಿ ಈಗಷ್ಟೇ ಕೆಲಸಕ್ಕೆ ಸೇರಿರುವ ಮಕ್ಕಳೇ, ನಮ್ಮ ಕಾಲದಲ್ಲಿ ಈ ಹುದ್ದೆಗೆ ಗ್ರಾಮ ಲೆಕ್ಕಿಗ ಎನ್ನುತ್ತಿದ್ದರು. ಕಂದಾಯ, ಪಹಣಿ, ಬೆಳೆ ಸಮೀಕ್ಷೆ, ಪಿಂಚಣಿ ಅರ್ಜಿ ಎಲ್ಲವೂ ನಿಮ್ಮ ಕೈ ದಾಟಿಯೇ ಹೋಗಬೇಕು. ಅವನ್ನೆಲ್ಲ ಮೇಲಿನವರು ಕಲಿಸುತ್ತಾರೆ. ಅವರು ಹೇಳದೆ ಬಿಡಬಹುದಾದ ಒಂದು ಮಾತನ್ನು ನಾನು ಹೇಳುತ್ತೇನೆ: ಊರಿನ ಹೆಸರನ್ನು ಊರವರು ಹೇಳುವ ಹಾಗೆಯೇ ಬರೆಯಿರಿ.

ಇದೇನು ದೊಡ್ಡ ವಿಷಯ ಎನ್ನಬೇಡಿ. ಇಂಗ್ಲಿಷಿನಲ್ಲಿ ಬರೆದಿಟ್ಟ ಹೆಸರನ್ನು ಮತ್ತೆ ಕನ್ನಡಕ್ಕೆ ತರುವಾಗ ಹಳ್ಳಿ ಹಲ್ಲಿಯಾಗುತ್ತದೆ, ಕೆರೆ ಕೇರೆಯಾಗುತ್ತದೆ. ಒಮ್ಮೆ ದಾಖಲೆಗೆ ಹತ್ತಿತೆಂದರೆ ಇಳಿಸುವುದು ಕಷ್ಟ. ಬೆಂಗಳೂರು, ಮೈಸೂರು, ಕಲಬುರಗಿ, ಬೆಳಗಾವಿ ಸೇರಿ 12 ಊರುಗಳನ್ನು ಇಂಗ್ಲಿಷಿನಲ್ಲೂ ಕನ್ನಡದವರು ಕರೆಯುವಂತೆ ಬರೆಯಲು 2014ರ ನವೆಂಬರ್ 1ರ ತನಕ ಕಾಯಬೇಕಾಯಿತು. ಅದಕ್ಕಾಗಿ ದನಿಯೆತ್ತಿದ್ದ ಯು.ಆರ್. ಅನಂತಮೂರ್ತಿಯವರು ಅದೇ ವರ್ಷದ ಆಗಸ್ಟಿನಲ್ಲಿ ತೀರಿಕೊಂಡಿದ್ದರು. ಆ ದಿನ ನೋಡಲು ಉಳಿಯಲಿಲ್ಲ. ದೊಡ್ಡ ಊರುಗಳ ಪರವಾಗಿ ಕೇಳುವವರಿದ್ದರು. ನಿಮ್ಮ ವೃತ್ತದ ನಾಲ್ಕು ಮನೆಯ ದೊಡ್ಡಿಗೆ, ಪಾಳ್ಯಕ್ಕೆ, ಹಟ್ಟಿಗೆ ನೀವೇ ದಿಕ್ಕು.

ಹೆಬ್ಬಾಳವನ್ನೇ ನೋಡಿ. ಅಲ್ಲಿ 2018ರಲ್ಲಿ ಮಣ್ಣು ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಸುಮಾರು ಕ್ರಿ.ಶ. 750ರದು, ಗಂಗರ ಕಾಲದ್ದು. ಅದರಲ್ಲಿ ಪೆರ್ಬೊಳಲ್ ನಾಡಿನ ಹೆಸರಿದೆ. ಪೆರ್ಬೊಳಲ್ ಎಂದರೆ ಹಿರಿಯ ಪಟ್ಟಣ. ಪಳ್ಳಿ ಹಳ್ಳಿಯಾದ ಹಾಗೆ, ಅದೇ ಹೆಸರು ಜನರ ಬಾಯಲ್ಲಿ ಸವೆದು ಹೆಬ್ಬಾಳವಾಯಿತು. ಗಂಗರು ಹೋದರು, ಚೋಳರು, ಹೊಯ್ಸಳರು, ವಿಜಯನಗರದವರು, ಬ್ರಿಟಿಷರು ಬಂದು ಹೋದರು. ಯಾವ ಅರಸನ ಅಪ್ಪಣೆಯೂ ಇಲ್ಲದೆ ಹೆಸರನ್ನು ಇಲ್ಲಿಯವರೆಗೆ ಹೊತ್ತು ತಂದವರು ಉತ್ತು ಬಿತ್ತಿದ ಜನ. ಈ ನಾಡಿನ ನುಡಿಗೆ ಇದಕ್ಕಿಂತ ಗಟ್ಟಿಯಾದ ಹಕ್ಕುಪತ್ರ ನನಗೆ ಗೊತ್ತಿಲ್ಲ.

ಆದರೆ ಕೇಳಿದ ಕಥೆಯನ್ನೆಲ್ಲ ನಂಬಿಬಿಡಬೇಡಿ. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಎಂಬ ಕಥೆ ಚೆಂದ. ಆದರೆ ಆ ಅರಸನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ, 890ರ ಆಸುಪಾಸಿನ ಬೇಗೂರು ಶಾಸನದಲ್ಲಿ ಬೆಂಗಳೂರಿನ ಕಾಳಗದ ಮಾತಿದೆ. ಕಥೆಯನ್ನು ಮೊಮ್ಮಕ್ಕಳಿಗೆ ಹೇಳಿ. ಕಡತಕ್ಕೆ ಮಾತ್ರ ಶಾಸನ ನೋಡಿ ಬರೆಯಿರಿ.

ಊರಿಗೆ ಒಂದೇ ಹೆಸರಿರಬೇಕು ಎಂಬ ಹಟವೂ ಬೇಡ. ಮಂಗಳೂರು ತುಳುವರಿಗೆ ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ. ಇದರಿಂದ ಕನ್ನಡಕ್ಕೇನೂ ಕೊರತೆಯಾಗಿಲ್ಲ. ಅತ್ತ ಮಹಾರಾಷ್ಟ್ರದ ಸೊಲ್ಲಾಪುರ ನಮಗೆ ಇಂದಿಗೂ ಸಿದ್ಧರಾಮನ ಸೊನ್ನಲಿಗೆಯೇ. ಗಡಿಯಲ್ಲಿ ಕೆಲಸ ಮಾಡುವವರು ನೆರೆನುಡಿಯ ಹೆಸರನ್ನೂ ಕಿವಿಗೊಟ್ಟು ಕೇಳಿ.

ಇನ್ನು ನಿಮ್ಮ ಕೆಲಸಕ್ಕೆ ನೇರವಾಗಿ ಒದಗುವ ಮಾತು. ಬೊಮ್ಮಸಂದ್ರ, ಜಕ್ಕಸಂದ್ರ, ತಿಪ್ಪಸಂದ್ರಗಳ ಸಂದ್ರ ಹಿಂದೆ ಸಮುದ್ರವಾಗಿತ್ತು. ನಮ್ಮ ಹಿರಿಯರು ದೊಡ್ಡ ಕೆರೆಗೆ ಸಮುದ್ರ ಎನ್ನುತ್ತಿದ್ದರು. ಹೆಸರಿನಲ್ಲಿ ಸಂದ್ರ, ಕೆರೆ, ಕಟ್ಟೆ ಕಂಡರೆ ಗ್ರಾಮನಕ್ಷೆ ತೆಗೆದು ನೀರು ಎಲ್ಲಿತ್ತೆಂದು ಹುಡುಕಿ. ಒತ್ತುವರಿ ಮಾಡಿದವನು ಬೇಲಿ ಸರಿಸಬಹುದು, ಕಾಗದ ತಿದ್ದಿಸಬಹುದು. ಊರವರ ನಾಲಿಗೆಯ ಮೇಲಿನ ಹೆಸರನ್ನು ಅಷ್ಟು ಸುಲಭವಾಗಿ ತಿದ್ದಿಸಲಾರ.

ದಾಖಲೆಯಲ್ಲಿ ಬೇಚರಾಕ್ ಎಂದು ಬರೆದ ಗ್ರಾಮಗಳೂ ಎದುರಾಗುತ್ತವೆ. ದೀಪ ಹಚ್ಚುವವರಿಲ್ಲದ ಊರು ಎಂದರ್ಥ. ಪ್ಲೇಗಿಗೋ ಬರಕ್ಕೋ ಜನ ಬಿಟ್ಟುಹೋದ ಅಂಥ ಊರುಗಳಲ್ಲಿ ಈಗ ಬರೀ ಹೊಲ. ಪಾಳುಬಿದ್ದ ಗುಡಿಯೊಂದು ಉಳಿದಿದ್ದರೆ ಹೆಚ್ಚು. ಪಹಣಿಯಲ್ಲಿ ಹೆಸರಿರುವುದರಿಂದಲೇ ಅದು ಊರು. ಅದನ್ನು ಪಕ್ಕದ ಗ್ರಾಮಕ್ಕೆ ಸೇರಿಸಿ ಹೆಸರು ಅಳಿಸುವ ಪ್ರಸ್ತಾವ ಬಂದರೆ, ದಯವಿಟ್ಟು ಸುಮ್ಮನೆ ಸಹಿ ಹಾಕಬೇಡಿ.

ಹೊಲಗಳಿಗಾದರೆ ಆ ರಕ್ಷಣೆಯೂ ಇಲ್ಲ. ನಮಗೆ ಅವು ಸರ್ವೆ ನಂಬರುಗಳು. ರೈತರಿಗೆ ಹುಣಸೆಮರದ ಹೊಲ, ಯರಿ ಹೊಲ, ಕೊಡಗಿ ಗದ್ದೆ. ಹುಣಸೆಮರ ಎಂದೋ ಉರುಳಿರುತ್ತದೆ. ಕೊಡಗಿ ಎಂಬುದು ಕೆರೆ ಕಟ್ಟಿಸಿದವರಿಗೋ ಊರಿಗಾಗಿ ಸತ್ತವನ ಮನೆಯವರಿಗೋ ಬಿಟ್ಟ ಮಾನ್ಯದ ನೆಲ. ಯಾರಿಗೆ, ಏಕೆ ಬಿಟ್ಟರೆಂಬುದು ಮರೆತರೂ ಹೆಸರು ಗದ್ದೆಯ ಮೇಲೆ ಕೂತಿರುತ್ತದೆ. ಆ ಗದ್ದೆಯನ್ನು ಭೂಪರಿವರ್ತನೆ ಮಾಡಿ ಲೇಔಟ್ ಆಗಿಸಿ, ‘ಗ್ರೀನ್ ವ್ಯಾಲಿ’ ಎಂದು ಕಮಾನು ನಿಲ್ಲಿಸಿದ ದಿನ ಅದೂ ಹೋಗುತ್ತದೆ. ಇದು ನನಗೆ ನಿಜವಾಗಿ ಹೊಟ್ಟೆಯುರಿಸುವ ಸಂಗತಿ.

ಹಳೆಯದೆಲ್ಲ ಪೂಜ್ಯ ಎನ್ನುತ್ತಿಲ್ಲ. ಜಾತಿ ಹಿಡಿದು ಹೀಯಾಳಿಸುವ ಕೇರಿ ಹೆಸರುಗಳಿವೆ; ಅಲ್ಲಿನವರೇ ಬೇಡವೆಂದರೆ ಗ್ರಾಮಸಭೆಯಲ್ಲಿಟ್ಟು ಬದಲಿಸಲು ನೆರವಾಗಿ. ಮಹಾರಾಷ್ಟ್ರ ಸರ್ಕಾರ 2020ರಲ್ಲಿ ಇಂಥ ಹೆಸರುಗಳನ್ನು ಕೈಬಿಡಲು ತೀರ್ಮಾನಿಸಿತು. ಹೊಸ ಹೆಸರನ್ನು ಅವರೇ ಆರಿಸಲಿ.

ಬೆಳೆ ಸಮೀಕ್ಷೆಗೆ ಹೋದಾಗ ಒಂದು ನೋಟ್‌ಬುಕ್ ಜೊತೆಗಿರಲಿ. ಸರ್ವೆ ನಂಬರಿನ ಪಕ್ಕದಲ್ಲಿ ಜನ ಕರೆಯುವ ಹೆಸರು, ಹೇಳಿದವರು ಯಾರು, ಯಾವ ತಾರೀಕು ಎಂದು ಬರೆದುಕೊಳ್ಳಿ. ಜಮೀನಿನ ಒಡೆಯನೊಬ್ಬನನ್ನೇ ಕೇಳಬೇಡಿ. ಕುರಿ ಕಾಯುವವರಿಗೆ, ನಾಟಿ ಕೆಲಸಕ್ಕೆ ಬರುವ ಹೆಂಗಸರಿಗೆ, ಕೆರೆಯ ತೂಬು ಎತ್ತುತ್ತಿದ್ದ ನೀರುಗಂಟಿಗೆ ಹೆಚ್ಚು ಗೊತ್ತಿರುತ್ತದೆ. ಹಳೇ ನೀರುಗಂಟಿಗಳು ಬೆರಳೆಣಿಕೆಯಷ್ಟೇ ಉಳಿದಿದ್ದಾರೆ. ಮೊದಲು ಅವರ ಮನೆಗೆ ಹೋಗಿ.