ಗೆಲ್ಲೋದು ಯಾರು ಅಂತ ಹೇಳುವ ಮೊದಲು

2024ರ ಡಿಸೆಂಬರ್ ಮೂರನೇ ವಾರ. ನಮ್ಮ ಗುಡವಿ ಕಡೆ ಆಗ ಅಡಿಕೆ ಸುಗ್ಗಿ. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಸುಲಿಯಲು ಕೂತರೆ ಹುಡುಗರ ಬಾಯಲ್ಲಿ ಒಂದೇ ಮಾತು: ರಿಯಾದಿನಲ್ಲಿ ಟೈಸನ್ ಫ್ಯೂರಿಗೂ ಒಲೆಕ್ಸಾಂಡರ್ ಉಸಿಕ್‌ಗೂ ಎರಡನೇ ಸಲ ನಡೆಯಲಿದ್ದ ಬಾಕ್ಸಿಂಗು. “ಫ್ಯೂರಿದೇ ಗೆಲುವು, ಬೇಕಾದ್ರೆ ಬರೆದಿಟ್ಕಳಿ” ಅಂದ ಒಬ್ಬ. ಯಾಕೋ ಅಂದರೆ, “ಆಳು ನೋಡಿ, ಆರಡಿ ಒಂಬತ್ತಂಗುಲ!” ತೂಕಕ್ಕೆ ನಿಂತಾಗ ಫ್ಯೂರಿ ಸುಮಾರು 127 ಕಿಲೋ ತೂಗಿದ, ಉಸಿಕ್ ಸುಮಾರು 102. ನಡುವೆ ಇದ್ದದ್ದು ಒಂದು ಅಕ್ಕಿ ಚೀಲದಷ್ಟು ಭಾರ. ಹನ್ನೆರಡು ಸುತ್ತು ಮುಗಿದಾಗ ಮೂವರು ತೀರ್ಪುಗಾರರೂ 116-112 ಎಂದು ಬರೆದು ಉಸಿಕ್‌ನ ಕೈ ಎತ್ತಿಸಿದರು. ಮಾರನೇ ದಿನ ಜಗಲಿಯಲ್ಲಿ ಸದ್ದೇ ಇಲ್ಲ. ಒಬ್ಬನ ಮುಖವಂತೂ ತೀರಾ ಬಾಡಿತ್ತು. ಕೂರಿಸಿಕೊಂಡು ಕೇಳಿದರೆ, ಹದಿನೈದು ದಿನ ಸುಲಿದ ಕೂಲಿಯನ್ನು ಪೂರ್ತಿ ಮೊಬೈಲಿನಲ್ಲಿ ಬಾಜಿ ಕಟ್ಟಿದ್ದನಂತೆ.

ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಯಾರು ಗೆಲ್ಲುತ್ತಾರೆ ಅಂತ ಊಹಿಸುವುದು ತಪ್ಪಲ್ಲ. ಅದರಲ್ಲೊಂದು ಸುಖ ಇದೆ, ಕಣ್ಣಿಗೂ ಬುದ್ಧಿಗೂ ಕೆಲಸ ಇದೆ. ನಿಮ್ಮ ತೊಂದರೆ ಏನೆಂದರೆ, ನೋಡುವ ಮೊದಲೇ ಹೇಳಿಬಿಡುತ್ತೀರಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ನಮ್ಮ ದೊಡ್ಡಪ್ಪ ಜಾತ್ರೆಯ ಜಂಗಿ ಕುಸ್ತಿಗೆ ಜೋಡಿ ಕಟ್ಟುವ ಹಿರಿಯರಲ್ಲಿ ಒಬ್ಬರಾಗಿದ್ದರು. ಸೊರಬ, ಶಿಕಾರಿಪುರದ ಕಡೆ ಕುಸ್ತಿ ನೋಡಿ ಬೆಳೆದವರಿಗೆ ಜೋಡಿ ಕಟ್ಟುವುದು ಎಂದರೇನು ಅಂತ ಹೇಳಬೇಕಿಲ್ಲ. ಸಮಸಮ ಇಲ್ಲದ ಇಬ್ಬರನ್ನು ಕಣಕ್ಕಿಳಿಸಿದರೆ ನೋಡುವವರಿಗೂ ರುಚಿಯಿಲ್ಲ, ಆಡುವವರಿಗೂ ಪೆಟ್ಟು. ದೊಡ್ಡಪ್ಪ ಪೈಲ್ವಾನನ ಎದೆ, ತೋಳು ನೋಡುತ್ತಲೇ ಇರಲಿಲ್ಲ. ಅವನ ಕೈ ಹಿಡಿದುಕೊಂಡು ಮಾತಿಗೆಳೆಯುತ್ತಿದ್ದರು. ಯಾವ ಗರಡಿ, ಉಸ್ತಾದರು ಯಾರು, ಹಿಂದಿನ ಕುಸ್ತಿ ಯಾವಾಗ ಆಡಿದೆ, ರಾತ್ರಿ ಎಷ್ಟು ಹೊತ್ತು ಬಸ್ಸಿನಲ್ಲಿ ಕೂತಿದ್ದೆ, ಊಟ ಆಯಿತಾ? ಹಾಗೆ ಕೇಳುತ್ತಾ ಕುತ್ತಿಗೆಯ ದಪ್ಪ ನೋಡುವರು, ಮಣ್ಣಲ್ಲಿ ಉಜ್ಜಿ ಉಜ್ಜಿ ಮುದುಡಿದ ಕಿವಿ ನೋಡುವರು. ಆಮೇಲೆ ಸುಮ್ಮನೆ ಅವನ ಹೊಟ್ಟೆಯ ಮೇಲೆ ಕಣ್ಣಿಡುವರು. ಉಸಿರು ಎದೆಯ ಮೇಲ್ಭಾಗದಲ್ಲೇ ಕುಣಿಯುತ್ತಿದ್ದರೆ ಹತ್ತು ನಿಮಿಷಕ್ಕೆ ಇವನು ಸುಸ್ತು. ಹೊಟ್ಟೆಯಲ್ಲಿ ನಿಧಾನಕ್ಕೆ ಏರಿಳಿಯುತ್ತಿದ್ದರೆ ಇವನನ್ನು ಕೆಡವುವುದು ಕಷ್ಟ ಎನ್ನುತ್ತಿದ್ದರು. ಇಷ್ಟೆಲ್ಲ ನೋಡಿಯೂ, “ಇವನೇ ಗೆಲ್ಲೋದು” ಎಂದು ಒಂದು ದಿನವೂ ಅವರ ಬಾಯಲ್ಲಿ ಬಂದದ್ದಿಲ್ಲ. “ಹತ್ತರಲ್ಲಿ ಆರು ಇವನ ಕಡೆ” ಅಂದರೆ ಅದೇ ಹೆಚ್ಚು.

ಹೆವಿವೇಟ್ ಬಾಕ್ಸಿಂಗಿಗೂ ಇದೇ ಕಣ್ಣು ಸಾಕು. ಸುತ್ತಿಗೆ ಮೂರು ನಿಮಿಷ, ನಡುವೆ ಒಂದು ನಿಮಿಷ ವಿಶ್ರಾಂತಿ. ಪಟ್ಟದ ಪಂದ್ಯವಾದರೆ ಹನ್ನೆರಡು ಸುತ್ತು. ಮೊದಲ ಎರಡು ಸುತ್ತಿನ ಅಬ್ಬರ ನೋಡಿ ನೀವು ಕುಣಿಯಬೇಡಿ, ಒಂಬತ್ತನೇ ಸುತ್ತಿಗೆ ಕಾಲು ಹೇಗಿರುತ್ತದೆ ಅಂತ ಕೇಳಿಕೊಳ್ಳಿ. ಹೆವಿವೇಟ್‌ನಲ್ಲಿ ತೂಕಕ್ಕೆ ಮೇಲಿನ ಮಿತಿಯೇ ಇಲ್ಲ. ಅದಕ್ಕೇ ಗಾತ್ರ ನಿಮ್ಮ ಕಣ್ಣು ಕಟ್ಟಿಬಿಡುತ್ತದೆ. ಭಾರ ಇದ್ದವನ ಹೊಡೆತ ಭಾರ, ನಿಜ. ಆ ಭಾರವನ್ನು ಮೂವತ್ತಾರು ನಿಮಿಷ ಹೊತ್ತು ತಿರುಗಬೇಕಾದವನೂ ಅವನೇ. ಎಡಗೈಯವನ ಎದುರು ಆಡುವುದು ಬಲಗೈಯವನಿಗೆ ಯಾವಾಗಲೂ ಕಿರಿಕಿರಿ, ಉಸಿಕ್ ಅಂಥ ಎಡಗೈಯವನು. ಇದನ್ನು ನಮ್ಮ ಜಗಲಿಯಲ್ಲಿ ಒಬ್ಬನೂ ಲೆಕ್ಕಕ್ಕೆ ತಗೊಂಡಿರಲಿಲ್ಲ.

ಇನ್ನೊಂದು ತಪ್ಪು ಲೆಕ್ಕ ನೀವು ಮಾಡುತ್ತೀರಿ. ಇವನು ಅವನನ್ನು ಸೋಲಿಸಿದ್ದಾನೆ, ಅವನು ಮತ್ತೊಬ್ಬನನ್ನು ಸೋಲಿಸಿದ್ದಾನೆ, ಅಂದಮೇಲೆ ಮತ್ತೊಬ್ಬ ಇವನಿಗೆ ಲೆಕ್ಕವೇ ಅಲ್ಲ ಅಂತ. 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಮುಹಮ್ಮದ್ ಅಲಿ ಜಾರ್ಜ್ ಫೋರ್‌ಮನ್ ಎದುರು ಇಳಿದಾಗ ಜಗತ್ತೆಲ್ಲ ಈ ಲೆಕ್ಕವನ್ನೇ ಹಾಕಿತ್ತು. ಅಲಿಯನ್ನು ಸೋಲಿಸಿದ್ದ ಜೋ ಫ್ರೇಜಿಯರ್ ಮತ್ತು ಕೆನ್ ನಾರ್ಟನ್ ಇಬ್ಬರನ್ನೂ ಫೋರ್‌ಮನ್ ಎರಡೆರಡೇ ಸುತ್ತಿನಲ್ಲಿ ಮುಗಿಸಿದ್ದ. ಆಡಿದ ನಲವತ್ತು ಪಂದ್ಯವನ್ನೂ ಗೆದ್ದಿದ್ದ. ಅವನಿಗೆ 25, ಅಲಿಗೆ 32. ಅಲಿ ಹಗ್ಗಕ್ಕೆ ಒರಗಿ, ಮುಖಕ್ಕೆ ಕೈ ಅಡ್ಡ ಹಿಡಿದು, ಸುತ್ತಿನ ಮೇಲೆ ಸುತ್ತು ಹೊಡೆಸಿಕೊಂಡ. ಆ ಸೆಕೆಯಲ್ಲಿ ಹೊಡೆದೂ ಹೊಡೆದೂ ಫೋರ್‌ಮನ್‌ನ ತೋಳು ಸೋತವು. ಎಂಟನೇ ಸುತ್ತಿನಲ್ಲಿ ಅಲಿ ಅವನನ್ನು ಕೆಡವಿದ. ಆನೆಯೂ ಮುಗ್ಗರಿಸುತ್ತದೆ ಅಂತ ನಮ್ಮವರು ಹೇಳುವುದು ಸುಮ್ಮನೆ ಅಲ್ಲ.

ಅದೇ ಇಬ್ಬರು ಮತ್ತೆ ಎದುರಾದರೂ ಹಳೆಯ ಕತೆಯೇ ನಡೆಯುತ್ತದೆ ಅಂದುಕೊಳ್ಳಬೇಡಿ. ನಮ್ಮ ಗಾಮಾ ಪೈಲ್ವಾನರು 1910ರಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ಜಿಬಿಸ್ಕೊ ಜೊತೆ ಸೆಣಸಿದಾಗ ಅವನು ನೆಲಕ್ಕೆ ಅಂಟಿಕೊಂಡೇ ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಕಳೆದ, ಕುಸ್ತಿ ಸಮವಾಯಿತು. 1928ರಲ್ಲಿ ಪಟಿಯಾಲದಲ್ಲಿ ಅದೇ ಜೋಡಿ ಮತ್ತೆ ಇಳಿದಾಗ ಒಂದು ನಿಮಿಷ ತುಂಬುವುದರೊಳಗೆ ಗಾಮಾ ಅವನನ್ನು ಚಿತ್ ಮಾಡಿದರು.

ಹೊರಗಿನವರಿಗೆ ಕಾಣದ್ದೂ ಇರುತ್ತದೆ, ಅದನ್ನು ಮರೆಯಬೇಡಿ. 1990ರ ಫೆಬ್ರವರಿಯಲ್ಲಿ ಟೋಕಿಯೊದಲ್ಲಿ ಮೈಕ್ ಟೈಸನ್ ಎದುರು ಬಸ್ಟರ್ ಡಗ್ಲಸ್ ನಿಂತಾಗ ಬಾಜಿಯವರು ಅವನ ಮೇಲೆ ಒಂದಕ್ಕೆ ನಲವತ್ತೆರಡು ಕೊಡುತ್ತೇವೆ ಎಂದಿದ್ದರು. ಅಂದರೆ ಅವನನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಮೂರು ವಾರದ ಹಿಂದಷ್ಟೇ ಡಗ್ಲಸ್ ತಾಯಿಯನ್ನು ಕಳೆದುಕೊಂಡಿದ್ದ. ಆ ಸಂಕಟವನ್ನೇ ಗಟ್ಟಿ ಮಾಡಿಕೊಂಡು ಇಳಿದಿದ್ದ. ಟೈಸನ್ ಕಡೆಯವರ ಹತ್ತಿರ ಕಣ್ಣಿನ ಊತ ಒತ್ತುವ ತಣ್ಣನೆಯ ಕಬ್ಬಿಣದ ತುಂಡು ಕೂಡ ಇರಲಿಲ್ಲ. ರಬ್ಬರ್ ಕೈಗವಸಿಗೆ ತಣ್ಣೀರು ತುಂಬಿ ಒತ್ತುತ್ತಿದ್ದರು. ಸೋಲೇ ಬರುವುದಿಲ್ಲ ಅಂದುಕೊಂಡವರು ಯಾವ ತಯಾರಿ ಮಾಡಿಕೊಂಡಾರು? ಹತ್ತನೇ ಸುತ್ತಿನಲ್ಲಿ ಟೈಸನ್ ನೆಲದ ಮೇಲೆ ತನ್ನ ಬಾಯಿಕವಚ ತಡಕಾಡುತ್ತಿದ್ದ.

ತೀರ್ಪುಗಾರರೂ ಮನುಷ್ಯರೇ. 2024ರ ಮೇ ತಿಂಗಳಲ್ಲಿ ಫ್ಯೂರಿ ಮತ್ತು ಉಸಿಕ್ ಇಬ್ಬರೂ ಚಾಂಪಿಯನ್‌ಗಳಾಗಿಯೇ ಎದುರಾದರು. ಒಬ್ಬ ತೀರ್ಪುಗಾರರು ಫ್ಯೂರಿಗೆ 114-113 ಕೊಟ್ಟರು, ಇನ್ನೊಬ್ಬರು ಅದೇ ಅಂಕವನ್ನು ಉಸಿಕ್‌ಗೆ ಕೊಟ್ಟರು, ಮೂರನೆಯವರು 115-112 ಎಂದು ಉಸಿಕ್ ಕಡೆ ನಿಂತರು. ಹತ್ತಿರ ಕೂತು ನೋಡಿದ ಮೂವರೇ ಒಂದು ಮಾತಿಗೆ ಬರಲಿಲ್ಲ. ನೀವು ಎರಡು ನಿಮಿಷದ ವಿಡಿಯೋ ನೋಡಿ “ಖಂಡಿತ” ಅನ್ನುತ್ತೀರಲ್ಲ! ಆ ಮಾತನ್ನು ಮೊದಲು ಬಿಡಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಜೊತೆ ಸೇರಬೇಡಿ. ಗುಡವಿ ಕೆರೆಗೆ ಹಕ್ಕಿ ಯಾವಾಗ ಬರುತ್ತವೆ ಅಂತ ಪ್ರವಾಸಿಗರು ಕೇಳಿದರೆ ಊರಿನವರು ಕ್ಯಾಲೆಂಡರ್ ತೋರಿಸುವುದಿಲ್ಲ. ಮಳೆ ಹೇಗಾಗಿದೆ, ನೀರಿನಲ್ಲಿ ನಿಂತ ಮರಗಳ ಬುಡ ಎಷ್ಟು ಮುಳುಗಿದೆ ಎಂದು ನೋಡಿ, “ಈ ಸಲ ಬೇಗ ಬರಬಹುದು” ಅನ್ನುತ್ತಾರೆ. ಆ “ಬಹುದು” ಇದೆಯಲ್ಲ, ಅದನ್ನು ಕಲಿಯಿರಿ.

ಹೀಗೆ ಮಾಡಿ. ಪಂದ್ಯದ ಹಿಂದಿನ ದಿನ ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮ ಊಹೆ ಬರೆಯಿರಿ: ಯಾರು, ಹತ್ತರಲ್ಲಿ ಎಷ್ಟು, ಯಾಕೆ. ಪಂದ್ಯ ಮುಗಿದ ಮೇಲೆ ಅದರ ಕೆಳಗೆ ನಡೆದದ್ದನ್ನು ಬರೆಯಿರಿ. “ನಾನು ಆಗಲೇ ಹೇಳಿದ್ದೆ” ಅನ್ನುವ ಚಟ ಇದರಿಂದ ತಾನಾಗಿ ಹೋಗುತ್ತದೆ. ಹತ್ತು ಪಂದ್ಯ ಕಳೆದರೆ ನೀವು ಎಲ್ಲಿ ಎಡವುತ್ತೀರಿ ಎಂದು ನಿಮಗೇ ಕಾಣುತ್ತದೆ. ನಿಮ್ಮ ಮೆಚ್ಚಿನವನು ಅಂತ ಅವನಿಗೆ ಎರಡು ಅಂಕ ಹೆಚ್ಚು ಹಾಕಿರುತ್ತೀರಿ, ಬಹಳ ಜನರ ತಪ್ಪು ಅದೇ.

ದುಡ್ಡು ಮಾತ್ರ ಕಟ್ಟಬೇಡಿ. ಇದರಲ್ಲಿ ನನ್ನದು ರಾಜಿಯಿಲ್ಲದ ಮಾತು. ಅಡಿಕೆಯದೋ ಶುಂಠಿಯದೋ ದುಡ್ಡು ಕೈಗೆ ಬಂದ ವಾರವೇ ಈ ಆಸೆ ಹುಟ್ಟುತ್ತದೆ. ರೋಗ, ಮಳೆ, ರೇಟು ಎಲ್ಲವನ್ನೂ ದಾಟಿ ಮನೆಗೆ ಬಂದ ಹಣ ಅದು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನೇ ಮಾಡಿತು. ಕಾನೂನಿಗೆ ಹೆದರಿಯಾದರೂ ಬಿಡಿ, ಮನೆಯವರ ಮುಖ ನೋಡಿಯಾದರೂ ಬಿಡಿ. ಕಳೆದದ್ದನ್ನು ವಾಪಸ್ ತರುತ್ತೇನೆಂದು ಇನ್ನೊಂದು ಬಾಜಿ ಕಟ್ಟುವುದಂತೂ ಬೇಡವೇ ಬೇಡ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನಿಸಿಕೊಳ್ಳಬೇಡಿ. ಈಗಾಗಲೇ ಕಳೆದುಕೊಂಡಿದ್ದರೆ ಮನೆಯಲ್ಲಿ ಒಬ್ಬರಿಗೆ ಇವತ್ತೇ ಹೇಳಿಬಿಡಿ. ನಮ್ಮ ಹುಡುಗ ಹೇಳಿದ್ದಕ್ಕೇ ಉಳಿದ, ಯಾರೂ ಅವನನ್ನು ಹೊಡೆಯಲಿಲ್ಲ.

ಪೈಲ್ವಾನನ ಎದುರಿಗೇ ಅವನು ಸೋಲುತ್ತಾನೆ ಎಂದು ಆಡಿಕೊಳ್ಳುವುದೂ ಬೇಡ. ಅವನು ವರ್ಷವಿಡೀ ಬೆಳಗಿನ ಜಾವ ಎದ್ದು ಸಾಮು ತೆಗೆದು ಬಂದಿರುತ್ತಾನೆ. ಮುಂದಿನ ಜಾತ್ರೆಗೆ ಹಲಗೆ ಬಾರಿಸುವ ಮೊದಲೇ ಬನ್ನಿ, ಜೋಡಿ ಕಟ್ಟುವಾಗ ಹತ್ತಿರ ನಿಂತು ಪೈಲ್ವಾನರ ಉಸಿರು ನೋಡಿ. ಜೇಬಿನಲ್ಲಿ ದುಡ್ಡು ಕುಣಿಯುತ್ತಿದ್ದರೆ ಅದನ್ನು ಇನಾಮು ಕೊಡಿ. ಗೆದ್ದವನಿಗೊಂದು, ಬೆನ್ನಿಗೆ ಮಣ್ಣು ಮೆತ್ತಿಕೊಂಡು ಎದ್ದವನಿಗೊಂದು.