ಮಧುನಾಶಿನಿ: ನಾಲಿಗೆಯ ಪರೀಕ್ಷೆ ಸಾಲದು

ಮಧುನಾಶಿನಿ ಬಳ್ಳಿಯ ಎಲೆ ಅಗಿದು ಬೆಲ್ಲ ತಿಂದರೆ ಸಿಹಿ ತಿಳಿಯದು. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲಗಳು ನಾಲಿಗೆಗೆ ಸಿಹಿ ತಿಳಿಯದಂತೆ ಕೆಲಹೊತ್ತು ತಡೆಯುವುದೇ ಇದಕ್ಕೆ ಕಾರಣ. ಅಷ್ಟರಿಂದಲೇ ರಕ್ತದ ಸಕ್ಕರೆ ಇಳಿಯಿತೆಂದು ತಿಳಿಯಬಾರದು.

1990ರಲ್ಲಿ ಪ್ರಕಟವಾದ ಮದ್ರಾಸಿನ ಅಧ್ಯಯನವೊಂದರಲ್ಲಿ 22 ಮಧುಮೇಹಿಗಳಿಗೆ ಮಾಮೂಲು ಗುಳಿಗೆಗಳ ಜೊತೆಗೆ ದಿನಕ್ಕೆ 400 ಮಿಲಿಗ್ರಾಂ ಎಲೆಸಾರವನ್ನು 18ರಿಂದ 20 ತಿಂಗಳು ಕೊಡಲಾಯಿತು. ರಕ್ತದ ಸಕ್ಕರೆ ಇಳಿಯಿತು. ಐವರು ಗುಳಿಗೆ ಬಿಡುವಂತಾಯಿತು. ಆದರೆ ಈ ಗುಂಪು ಚಿಕ್ಕದು. ಹೊಸ ಗೊಬ್ಬರದ ಗುಣವನ್ನು ಅದನ್ನು ಹಾಕದ ತಾಕಿನೊಡನೆ ಹೋಲಿಸಿ ಅರಿಯುವಂತೆ, ಔಷಧಿಯನ್ನೂ ಅದನ್ನು ಪಡೆಯದ ಸಮಾನ ಗುಂಪಿನೊಡನೆ ಹೋಲಿಸಬೇಕು.

ರೈತ ಬಾಂಧವರು ಎಲೆಯನ್ನು ನಂಬಿ ಇನ್ಸುಲಿನ್ ಅಥವಾ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು. ಎರಡನ್ನೂ ಸೇವಿಸಿದರೆ ಸಕ್ಕರೆ ಅತಿಯಾಗಿ ಇಳಿದು ಅಪಾಯವಾದೀತು. ಮೊದಲು ವೈದ್ಯರಿಗೆ ತಿಳಿಸಿ, ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಕ್ಷೇಮ.