ಕೇಳದ ಹಾಡಿಗೆ ಸೊನ್ನೆ ಹಾಕಬಹುದೇ? ಸರಾಸರಿಯ ಪಾಠಕ್ಕೆ ಐದು ದಶಕಗಳ ಹಾಡುಗಳು

ತರಗತಿ: 10. ಘಟಕ: ಸಂಖ್ಯಾಶಾಸ್ತ್ರ (ಪೂರ್ವಜ್ಞಾನದ ಪುನರಾವಲೋಕನ). ಅವಧಿ: 40 ನಿಮಿಷಗಳ 2 ಪಾಠಗಳು. ಸ್ಥಳ: ಮಹಾಗಾಂವದ ಒಂದು ಪ್ರೌಢಶಾಲೆ.

ಹತ್ತನೇ ತರಗತಿಯಲ್ಲಿ ವರ್ಗಾಂತರವಿರುವ ದತ್ತಾಂಶದ ಸರಾಸರಿಗೆ ಹೋಗುವ ಮುನ್ನ, ಬಿಡಿ ಅಂಕಿಗಳ ಸರಾಸರಿಯನ್ನು ಒಮ್ಮೆ ನೆನಪಿಸಬೇಕಾಗುತ್ತದೆ. ‘ಎಲ್ಲ ಕೂಡಿಸಿ, ಎಷ್ಟಿವೆಯೋ ಅಷ್ಟರಿಂದ ಭಾಗಿಸು’ ಎಂಬ ಸೂತ್ರ ಮಕ್ಕಳಿಗೆ ಬಾಯಿಪಾಠವಾಗಿರುತ್ತದೆ. ‘ಎಷ್ಟಿವೆಯೋ ಅಷ್ಟು’ ಎಂದರೆ ಎಷ್ಟು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ಪಠ್ಯದ ಲೆಕ್ಕಗಳಲ್ಲಿ ಖಾಲಿ ಜಾಗವೇ ಇರುವುದಿಲ್ಲವಾದ್ದರಿಂದ ಅದು ಏಳುವುದೂ ಇಲ್ಲ. ಆ ಖಾಲಿ ಜಾಗ ತಾನಾಗಿಯೇ ಬರುವಂಥ ದತ್ತಾಂಶ ಬೇಕಿತ್ತು. ಬೇರೆ ಬೇರೆ ದಶಕಗಳ ಹಾಡುಗಳಿಗೆ ಅಂಕ ಕೊಟ್ಟು ಶ್ರೇಯಾಂಕ ಕಟ್ಟುವ ಚಟುವಟಿಕೆಯನ್ನು ಆರಿಸಿಕೊಂಡದ್ದು ಅದಕ್ಕಾಗಿಯೇ.

ಹಲಗೆಯ ಮೇಲೆ ಬರೆದ ಆರು ಹೆಸರುಗಳು ಇವು: ನಾಗರಹಾವು (1972, ಸಂಗೀತ ವಿಜಯಭಾಸ್ಕರ್), ನಿತ್ಯೋತ್ಸವ (1978, ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಅವರ ರಾಗಸಂಯೋಜನೆ), ಪ್ರೇಮಲೋಕ (1987, ಹಂಸಲೇಖ), ಜನುಮದ ಜೋಡಿ (1996, ವಿ. ಮನೋಹರ್), ಮುಂಗಾರು ಮಳೆ (2006, ಮನೋಮೂರ್ತಿ), ಕಿರಿಕ್ ಪಾರ್ಟಿ (2016, ಬಿ. ಅಜನೀಶ್ ಲೋಕನಾಥ್). ಐದು ಸಿನಿಮಾದವು, ನಿತ್ಯೋತ್ಸವವೊಂದು ಭಾವಗೀತೆಗಳ ಧ್ವನಿಸುರುಳಿ.

‘ಆಲ್ಬಮ್’ ಎಂಬ ಮಾತಿಗೇ ಸ್ವಲ್ಪ ಹೊತ್ತು ಹೋಯಿತು. ಮಕ್ಕಳಿಗೆ ಆಲ್ಬಮ್ ಎಂದರೆ ಮದುವೆ ಫೋಟೋಗಳದ್ದು. ಫೋನಿನಲ್ಲಿ ಹಾಡುಗಳು ಒಂದೊಂದಾಗಿ ಬರುತ್ತವೆ, ಗುಂಪಾಗಿ ಅಲ್ಲ. 60 ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ 30 ನಿಮಿಷ, ಅದು ಮುಗಿದರೆ ತಿರುವಿ ಹಾಕಬೇಕು, ಬೇಡದ ಹಾಡೂ ಕಿವಿಗೆ ಬೀಳುತ್ತಿತ್ತು ಎಂದು ವಿವರಿಸಿದ ಮೇಲೆ ‘ಒಂದು ಕಟ್ಟು ಹಾಡು’ ಎಂಬ ಅರ್ಥ ಕೂತಿತು. ನನಗೆ ಆ ಕಾಲ ಅರ್ಧಂಬರ್ಧ ನೆನಪು. ಅವರಿಗೆ ಅದು ಇತಿಹಾಸ.

ಮುಂದಿನ ಹೆಜ್ಜೆ ಅಂಕ ಕೊಡುವುದು, 10ಕ್ಕೆ ಇಷ್ಟು ಎಂದು. ಕೂಡಲೇ ಪ್ರಶ್ನೆ ಬಂತು: “ಟೀಚರ್, ಇದು ನಾ ಕೇಳೇ ಇಲ್ರೀ. ಸೊನ್ನಿ ಹಾಕ್ಲೇನ್ರೀ?”

ಪಾಠ ನಿಜವಾಗಿ ಶುರುವಾಗುವುದು ಇಲ್ಲಿ. ಉತ್ತರವನ್ನು ನಾವೇ ಕೊಟ್ಟುಬಿಟ್ಟರೆ ಚಟುವಟಿಕೆ ಅಲ್ಲಿಗೇ ಮುಗಿಯುತ್ತದೆ. ನಾನು ಆ ಪ್ರಶ್ನೆಯನ್ನು ತರಗತಿಗೇ ತಿರುಗಿಸಿದೆ. ಕೇಳಿದ್ದೇನೆ ಎಂದರೆ ಏನು ಎಂಬುದೇ ಮೊದಲು ಚರ್ಚೆಗೆ ಬಂತು. ನಿತ್ಯೋತ್ಸವದ ಒಂದು ಹಾಡನ್ನು ಇವರೆಲ್ಲ ರಾಜ್ಯೋತ್ಸವಕ್ಕೆ ಶಾಲೆಯಲ್ಲಿ ಹಾಡಿದ್ದಾರೆ. ಅದು ಒಂದು ಧ್ವನಿಸುರುಳಿಯ ಹಾಡು ಎಂಬುದು ಗೊತ್ತಿಲ್ಲ. ಒಂದು ಹಾಡು ಗೊತ್ತಿದ್ದರೆ ಆಲ್ಬಮ್ ಕೇಳಿದಂತಾಯಿತೇ? ಕೊನೆಗೆ ತರಗತಿಯೇ ನಿಯಮ ಮಾಡಿತು: ಕನಿಷ್ಠ ಎರಡು ಹಾಡು ಗೊತ್ತಿದ್ದರೆ ಅಂಕ, ಇಲ್ಲದಿದ್ದರೆ ಗೆರೆ.

ಗೆರೆಯೂ ಸೊನ್ನೆಯೂ ಲೆಕ್ಕದಲ್ಲಿ ಹೇಗೆ ಬೇರೆಯಾಗುತ್ತವೆ ಎಂದು ತೋರಿಸಲು ಹಲಗೆಯ ಮೇಲೆ ಆರು ಜನರ ಮಾದರಿ ಕೋಷ್ಟಕ ಹಾಕಿದೆ. ಈ ಅಂಕಿಗಳು ಲೆಕ್ಕ ಸುಲಭವಾಗಲೆಂದು ನಾನೇ ಹಾಕಿಕೊಂಡವು, ಯಾರ ಅಭಿಪ್ರಾಯವೂ ಅಲ್ಲ.

ಮುಂಗಾರು ಮಳೆ: 8, 7, 9, 6, 8, 7
ಪ್ರೇಮಲೋಕ: 9, –, 8, –, –, 10
ನಿತ್ಯೋತ್ಸವ: –, –, –, 10, –, –

ಗೆರೆಯನ್ನು ಸೊನ್ನೆ ಎಂದು ಎಣಿಸಿ ಎಲ್ಲವನ್ನೂ 6ರಿಂದ ಭಾಗಿಸಿದರೆ ಮುಂಗಾರು ಮಳೆಗೆ 7.5, ಪ್ರೇಮಲೋಕಕ್ಕೆ 4.5, ನಿತ್ಯೋತ್ಸವಕ್ಕೆ 1.67. ಕೇಳಿದವರ ಸಂಖ್ಯೆಯಿಂದ ಮಾತ್ರ ಭಾಗಿಸಿದರೆ ನಿತ್ಯೋತ್ಸವಕ್ಕೆ 10, ಪ್ರೇಮಲೋಕಕ್ಕೆ 9, ಮುಂಗಾರು ಮಳೆಗೆ 7.5. ಪಟ್ಟಿ ಪೂರ್ತಿ ತಲೆಕೆಳಗು! ಹಾಡು ಬದಲಾಗಿಲ್ಲ, ಯಾರ ಅಂಕವೂ ಬದಲಾಗಿಲ್ಲ, ಭಾಜಕ ಮಾತ್ರ ಬದಲಾಗಿದೆ. ತರಗತಿ ಒಂದು ಗಳಿಗೆ ಸುಮ್ಮನಾಯಿತು. ಬಳಿಕ ಹಿಂದಿನ ಬೆಂಚಿನಿಂದ, “ಒಬ್ಬಾಂವ ಹೇಳಿದ್ರ ಫಸ್ಟ್ ಆಗ್ತದೇನ್ರೀ?”

ಆಕ್ಷೇಪ ಸರಿಯಾದದ್ದೇ. ಸೊನ್ನೆಯ ನಿಯಮ ಹಳೆಯ ಹಾಡನ್ನು ಅದು ಹಳೆಯದು ಎಂಬ ಕಾರಣಕ್ಕೇ ಕೆಳಗೆ ತಳ್ಳುತ್ತದೆ. ಬಿಟ್ಟುಬಿಡುವ ನಿಯಮ ಒಬ್ಬನ ಮೆಚ್ಚುಗೆಯನ್ನು ಊರಿನ ಮೆಚ್ಚುಗೆ ಎಂದು ತೋರಿಸುತ್ತದೆ. ಮಕ್ಕಳು ಸೂಚಿಸಿದ ದಾರಿ ಎರಡು. ಕನಿಷ್ಠ ಅರ್ಧ ಜನ ಕೇಳಿರಬೇಕು ಎಂದರೆ ನಿತ್ಯೋತ್ಸವ ಪಟ್ಟಿಯಿಂದ ಹೊರಗುಳಿಯುತ್ತದೆ, ಕೊನೆಯ ಸ್ಥಾನಕ್ಕೆ ಇಳಿಯುವುದಿಲ್ಲ. ಈ ವ್ಯತ್ಯಾಸವನ್ನು ಒತ್ತಿ ಹೇಳಬೇಕು. ಇನ್ನೊಂದು ದಾರಿ, ಎರಡನ್ನೂ ಕೇಳಿದವರನ್ನು ಮಾತ್ರ ಹಿಡಿದು ಹೋಲಿಸುವುದು. ನಮ್ಮ ಕೋಷ್ಟಕದಲ್ಲಿ ಒಂದನೇ, ಮೂರನೇ, ಆರನೇ ವಿದ್ಯಾರ್ಥಿಗಳು ಪ್ರೇಮಲೋಕಕ್ಕೆ ಸರಾಸರಿ 9, ಮುಂಗಾರು ಮಳೆಗೆ 8 ಕೊಟ್ಟಿದ್ದಾರೆ. ನನ್ನ ಮಟ್ಟಿಗೆ ಇದೇ ಹೆಚ್ಚು ನ್ಯಾಯದ ಹೋಲಿಕೆ. ಆದರೆ ಮೂವರ ಮಾತು ಎಂಬುದನ್ನು ಪಕ್ಕದಲ್ಲೇ ಬರೆಯಬೇಕು.

ಎಲ್ಲರಿಗೂ ಹಾಡು ಕೇಳಿಸಿಬಿಟ್ಟರೆ ಗೆರೆಯೇ ಇರುವುದಿಲ್ಲವಲ್ಲ ಎಂದು ಸಹ ಪ್ರಶಿಕ್ಷಣಾರ್ಥಿಯೊಬ್ಬರು ಕೇಳಿದರು. ನಾಲ್ಕು ನಿಮಿಷದ ಹಾಡಾದರೆ ಆಲ್ಬಮಿಗೆ ಒಂದರಂತೆ ಆರಕ್ಕೆ 24 ನಿಮಿಷ, ಪಾಠದ ಅರ್ಧಕ್ಕಿಂತ ಹೆಚ್ಚು ಹೊತ್ತು ಹೋಯಿತು. ಅಲ್ಲದೆ ಆ ಒಂದು ಹಾಡನ್ನು ಆರಿಸುವವರು ಯಾರು? ಶಿಕ್ಷಕರು ಆರಿಸಿದರೆ ಶ್ರೇಯಾಂಕ ಶಿಕ್ಷಕರದ್ದೇ ಆಗುತ್ತದೆ.

ಎರಡನೇ ಪಾಠದಲ್ಲಿ ವಿಮರ್ಶೆಗೆ ಮಾನದಂಡ ಮಾಡಿಕೊಂಡೆವು: ಸಾಹಿತ್ಯ, ರಾಗ, ತಾಳ. ಒಂದು ಆಲ್ಬಮಿಗೆ ಕ್ರಮವಾಗಿ 9, 8, 4, ಇನ್ನೊಂದಕ್ಕೆ 6, 7, 10 ಬಂದಿದೆ ಎಂದಿಟ್ಟುಕೊಳ್ಳಿ. ಸಮನಾಗಿ ಎಣಿಸಿದರೆ ಮೊದಲನೆಯದಕ್ಕೆ 7, ಎರಡನೆಯದಕ್ಕೆ 7.67. ಸಾಹಿತ್ಯಕ್ಕೆ ಎರಡು ಪಟ್ಟು ತೂಕ ಕೊಟ್ಟರೆ ಮೊದಲನೆಯದು 7.5, ಎರಡನೆಯದು 7.25. ಕುಣಿಯಲು ಹಾಡು ಬೇಕು ಎನ್ನುವವನೂ ಅರ್ಥ ಬೇಕು ಎನ್ನುವವಳೂ ತಮ್ಮ ತಮ್ಮ ತೂಕದಲ್ಲಿ ಸರಿಯೇ. ತೂಕವನ್ನು ಅಂಕ ನೋಡುವ ಮೊದಲೇ ಗೊತ್ತುಮಾಡಬೇಕು, ಆಮೇಲೆ ಅಲ್ಲ ಎಂದು ತರಗತಿ ಒಪ್ಪಿತು.

ಹೊರಗಿನ ಪ್ರಪಂಚದ ಉದಾಹರಣೆಗೆ ಬಿನಾಕಾ ಗೀತ್‌ಮಾಲಾ ನೆರವಾಯಿತು. 1952ರಲ್ಲಿ ರೇಡಿಯೊ ಸಿಲೋನ್‌ನಲ್ಲಿ ಶುರುವಾಗಿ, ಅಮೀನ್ ಸಯಾನಿ ಅವರ ದನಿಯಲ್ಲಿ ಹಿಂದಿ ಹಾಡುಗಳಿಗೆ ಸ್ಥಾನ ಕೊಡುತ್ತಿದ್ದ ಆ ಕಾರ್ಯಕ್ರಮ ರೆಕಾರ್ಡುಗಳ ಮಾರಾಟವನ್ನೂ ಕೇಳುಗರ ಬೇಡಿಕೆಯನ್ನೂ ಆಧರಿಸಿತ್ತು. ರೆಕಾರ್ಡು ಕೊಳ್ಳಲಾಗದ, ಪತ್ರ ಬರೆಯಲು ಬಾರದ ಕೇಳುಗ ಅಲ್ಲಿ ಗೆರೆ. ಪ್ರಶಸ್ತಿಗಳದ್ದು ಇನ್ನೊಂದು ನಿಯಮ. ಹಂಸಲೇಖ ಅವರಿಗೆ ಸಂಗೀತ ನಿರ್ದೇಶನದ ರಾಷ್ಟ್ರ ಪ್ರಶಸ್ತಿ ಬಂದದ್ದು ಮನೆಮಾತಾದ ಪ್ರೇಮಲೋಕಕ್ಕಲ್ಲ, 1995ರ ಗಾನಯೋಗಿ ಪಂಚಾಕ್ಷರ ಗವಾಯಿ ಚಿತ್ರಕ್ಕೆ. ಪಟ್ಟಿಗೇ ಸೇರದ ಹಾಡುಗಳ ಮಾತೂ ಬಂತು: ಮನೆಯಲ್ಲಿ ಕೇಳುವ ಭಜನೆ ಪದ, ಕವ್ವಾಲಿ, ಲಂಬಾಣಿ ಹಾಡು, ಮೆರವಣಿಗೆಯ ಡಿಜೆ ಜಾನಪದ. ನನ್ನ ಆರು ಹೆಸರುಗಳಲ್ಲಿ ಇವು ಯಾವುವೂ ಇಲ್ಲ. ಮುಂದಿನ ತಂಡದವರು ಪಟ್ಟಿ ಮಾಡುವ ಕೆಲಸವನ್ನೂ ಮಕ್ಕಳಿಗೇ ಬಿಡುವುದು ಒಳ್ಳೆಯದು.

ಪಾಠಯೋಜನೆಯಲ್ಲಿ ಇಲ್ಲದ ಪ್ರಶ್ನೆಯೊಂದು ಎರಡನೇ ಪಾಠದ ಕೊನೆಗೆ ಬಂತು. “ಪರೀಕ್ಷಾಕ್ಕ ಬರ್ಲಿಲ್ಲಂದ್ರ ಸೊನ್ನಿ ಹಾಕ್ತಾರಲ್ರೀ ಟೀಚರ್, ಅದೂ ಗೆರಿ ಅಲ್ಲೇನ್ರೀ?” ಕೇಳಿದವಳು ತೊಗರಿ ರಾಶಿಯ ದಿನಗಳಲ್ಲಿ ಶಾಲೆ ತಪ್ಪಿಸಿಕೊಳ್ಳುವ ಹುಡುಗಿ. ನಮ್ಮ ಭಾಗದಲ್ಲಿ ಅಪ್ಪ ಅಮ್ಮನೊಂದಿಗೆ ದುಡಿಯಲು ಪುಣೆ, ಮುಂಬೈ, ಹೈದರಾಬಾದಿಗೆ ಹೋಗಿ ಬರುವ ಮಕ್ಕಳೂ ಇದ್ದಾರೆ. ಹಲಗೆಯ ಮೇಲೇ ಲೆಕ್ಕ ಮಾಡಿದೆವು. 20 ಅಂಕಗಳ ನಾಲ್ಕು ಕಿರುಪರೀಕ್ಷೆಗಳಲ್ಲಿ 16, 18, ಗೈರು, 17. ಒಟ್ಟು 51. ನಾಲ್ಕರಿಂದ ಭಾಗಿಸಿದರೆ 12.75, ಮೂರರಿಂದ ಭಾಗಿಸಿದರೆ 17. ಮೊದಲನೆಯದನ್ನು ನೋಡಿದ ಶಿಕ್ಷಕರು ಈ ಮಗುವಿಗೆ ಪರಿಹಾರ ಬೋಧನೆ ಬೇಕು ಎನ್ನುತ್ತಾರೆ. ಎರಡನೆಯದನ್ನು ನೋಡಿದವರು ಇದಕ್ಕೆ ಗಣಿತ ಬರುತ್ತದೆ, ಶಾಲೆಗೆ ಬರಲು ನೆರವು ಬೇಕು ಎನ್ನುತ್ತಾರೆ. ಹಾಗಾದರೆ ಕಷ್ಟದ ಪರೀಕ್ಷೆಗೆ ಬೇಕೆಂತಲೇ ತಪ್ಪಿಸಿಕೊಂಡರೆ? ಈ ಮಾತನ್ನೂ ಒಬ್ಬ ಹುಡುಗನೇ ಎತ್ತಿದ. ಆಗ 17 ಎಂಬುದೂ ಪೂರ್ತಿ ನಿಜವಲ್ಲ. ‘3 ಪರೀಕ್ಷೆಗಳ ಸರಾಸರಿ 17, 1ಕ್ಕೆ ಗೈರು’ ಎಂದು ಬರೆದರೆ ಎರಡೂ ಕಾಣುತ್ತವೆ. ಮಾರ್ಗದರ್ಶಕ ಶಿಕ್ಷಕರು ಹಿಂದಿನ ಬೆಂಚಿನಲ್ಲಿ ಕೂತು ಇದನ್ನು ತಮ್ಮ ವಹಿಯಲ್ಲಿ ಬರೆದುಕೊಂಡರು.

ಮನೆಗೆಲಸವಾಗಿ ಅದೇ ಆರು ಹೆಸರುಗಳನ್ನು ಮನೆಯಲ್ಲಿ 40 ದಾಟಿದ ಒಬ್ಬರಿಗೆ ಕೇಳಿಕೊಂಡು ಬರಲು ಹೇಳಿದೆ. ಗೆರೆಗಳು ಜಾಗ ಬದಲಿಸಿದವು: ಕಿರಿಕ್ ಪಾರ್ಟಿಯ ಮುಂದೆ ಗೆರೆ, ನಾಗರಹಾವಿನ ಮುಂದೆ ಅಂಕ. ಮೌಲ್ಯಮಾಪನಕ್ಕೆ ಕೊಟ್ಟ ಪ್ರಶ್ನೆ ಒಂದೇ. ‘ಎರಡು ಆಲ್ಬಮುಗಳ ಸರಾಸರಿ 8.2 ಮತ್ತು 8.9 ಎಂದು ಪತ್ರಿಕೆಯೊಂದು ಬರೆದಿದೆ. ಯಾವುದು ಮೇಲು ಎಂದು ಹೇಳುವ ಮೊದಲು ನೀವು ಆ ಪತ್ರಿಕೆಯನ್ನು ಏನು ಕೇಳುವಿರಿ?’ ಬಹುತೇಕ ಉತ್ತರಗಳು ಒಂದೇ ಸಾಲಿನವು: ಎಷ್ಟು ಮಂದಿ ಕೇಳ್ಯಾರ? ಒಬ್ಬಳು ಮಾತ್ರ ಇನ್ನೂ ಒಂದು ಸಾಲು ಸೇರಿಸಿದ್ದಳು: ಕೇಳದವರಿಗೆ ಏನು ಹಾಕ್ಯಾರ?